ಗುಡಿಸಲ ಸುತ್ತ ಹಗ್ಗ

ಭೀಮಶಿ ಪೊಲೀಸ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕೊಲೆಯಾದ ಜಾಗ ಕಂಡದ್ದು ಅದೇ ಮೊದಲು, 1996ರ ಮಾರ್ಚ್‌ನಲ್ಲಿ. ಮುನವಳ್ಳಿ ಹತ್ತಿರದ ಹೊಲದ ಗುಡಿಸಲಿನಲ್ಲಿ ರೈತ ಅಂದಾನೆಪ್ಪ ತಲೆ ಒಡೆದು ಮೇವಿನ ಮೇಲೆ ಬಿದ್ದಿದ್ದ. ಹೊರಗೆ ಬೇವಿನ ಮರಕ್ಕೆ ಟ್ರ್ಯಾಕ್ಟರ್ ಚಾಲಕ ನಾಸಿರನನ್ನು ಊರವರು ಕಟ್ಟಿಹಾಕಿದ್ದರು. ಅವನ ಎರಡೂ ಕೈ ರಕ್ತ.

"ಹೊಲಾ ಹೊಡ್ಯಾಕ ಬಂದಿದ್ನಿರೀ. ಕಾಕಾ ಬಿದ್ದಿದ್ದ, ಎಬ್ಬಸಾಕ ಹೋದೆ!"

ಯಾರು ಕೇಳಬೇಕು? ಅರವತ್ತು ಮಂದಿ, ಅರ್ಧಕ್ಕರ್ಧ ಜನರ ಕೈಯಲ್ಲಿ ಬಡಿಗೆ. ಸತ್ತವನ ಹೆಂಡತಿ ಇಂದ್ರವ್ವ ಬೆರಳು ಮಾಡಿ ತೋರಿಸಿದಳು: "ಇವನ ರೀ ನನ್ನ ಮನಿ ಹಾಳ ಮಾಡಿದಾಂವ!"

ಠಾಣೆಯ ಎ.ಎಸ್.ಐ. ಮಹಮ್ಮದಗೌಸ ಸಾಹೇಬರು ಮೊದಲು ನಾಸಿರನನ್ನು ಬಿಡಿಸಿ ಜೀಪಿನಲ್ಲಿ ಕೂರಿಸಿದರು. ಆಮೇಲೆ ಒಬ್ಬರೇ ಗೋಡೆಗುಂಟ ಒಳಗೆ ಹೋಗಿ, ನಾಡಿ ಮುಟ್ಟಿ, ಇಟ್ಟ ಹೆಜ್ಜೆಯಲ್ಲೇ ಹೊರಬಂದರು. ಗುಡಿಸಲ ಸುತ್ತ ಗೂಟ ನೆಟ್ಟು ಎತ್ತಿನ ಹಗ್ಗ ಬಿಗಿಸಿದರು.

"ಭೀಮಶಿ, ಬೆಳಗಾವಿಯಿಂದ ಫೋಟೊದವರು ಬರೂತನಕ ಒಂದ ಇರಿವೀನೂ ಒಳಗ ಹೋಗಬಾರ್ದು. ನಾನೂ ಹೋಗಂಗಿಲ್ಲ. ಯಾರರ ಹೋಗತೇನಂದ್ರ ಹೆಸರು, ಹೊತ್ತು ಬರಕೊ."

"ನಿಮ್ಮಾಂವ ಅಂತ ಕಾಯಾಕ ಹತ್ತೀರೇನ್ರಿ?" ಗುಂಪಿನಿಂದ ಕೂಗು ಬಂತು. ಸಾಹೇಬರು ಗೂಟಕ್ಕೆ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದರು. ಈ ಮಂದಿ ನುಗ್ಗಿದರೆ ನಾಸಿರ ಉಳಿಯುವುದಿಲ್ಲವೆಂದು ಭೀಮಶಿಗೆ ಖಾತ್ರಿಯಿತ್ತು.

ಸತ್ತವನ ತಮ್ಮ ವೀರಪ್ಪ ಹಗ್ಗದ ಬಳಿ ಬಂದ. ಹಣೆಯಲ್ಲಿ ವಿಭೂತಿ, ಕಣ್ಣಲ್ಲಿ ನೀರು. ಅಣ್ಣತಮ್ಮಂದಿರಿಗೆ ಕಾಲುವೆ ನೀರಿನ ಪಾಳಿಗಾಗಿ ಜಗಳವಿತ್ತು. ಅದು ಊರಿಗೆಲ್ಲ ಗೊತ್ತು. ಆದರೂ ಒಡಹುಟ್ಟಿದವನಲ್ಲವೇ?

"ಅಣ್ಣನ ಮ್ಯಾಲ ಬಿದ್ದು ಒಮ್ಮಿ ಅಳತೇನಪಾ, ಬಿಡು."

ಎರಡು ಸಲ ಭೀಮಶಿ ಬೇಡವೆಂದ. ಮೂರನೆಯ ಸಲ ಕರುಳು ಚುರುಕ್ಕೆಂದು ಹಗ್ಗ ಎತ್ತಿಬಿಟ್ಟ.

"ಏ ಭೀಮಶಿ! ಇಳಸು ಹಗ್ಗ!" ಸಾಹೇಬರ ಗದರಿಕೆಗೆ ವೀರಪ್ಪನೂ ಹಿಂದೆ ಸರಿದ.

ಬಿಸಿಲೇರಿತು. ಸಾಹೇಬರು ಕೊಡ ತರಿಸಿ ಎಲ್ಲರಿಗೂ ನೀರು ಕೊಡಿಸಿದರು. ಇಂದ್ರವ್ವ ಎರಡು ಗುಟುಕು ಕುಡಿದಳು. ವೀರಪ್ಪ ಬಾಯಿ ಮುಕ್ಕಳಿಸಿ ಉಗುಳಿದ.

"ಮುಂಜಾನೆ ಎಲ್ಲಿದ್ದಿ?" ಎಂದರು ಸಾಹೇಬರು, ಸುಮ್ಮನೆ ಮಾತಿಗೆಂಬಂತೆ.

"ಮನ್ಯಾಗ ಪೂಜಿ ಮುಗಿಸಿ ರೊಟ್ಟಿ ತಿಂದು ಕುಂತಿದ್ನಿರೀ. ಸುದ್ದಿ ಬಂತು."

"ನೀರು ಕುಡಿ."

"ಅಣ್ಣ ಹಿಂಗ ಬಿದ್ದಾಗ ಹ್ಯಾಂಗ ಇಳೀತಾವ್ರಿ?"

ಮಧ್ಯಾಹ್ನದ ಹೊತ್ತಿಗೆ ಅವನ ತುಟಿ ಒಡೆದಿದ್ದವು. ಇನ್ನೆರಡು ಸಲ ಬಾಯಿ ಮುಕ್ಕಳಿಸಿದ. ಒಂದು ಹನಿಯೂ ನುಂಗಲಿಲ್ಲ.

ಮೂರು ಗಂಟೆಗೆ ಫೋಟೊದವರು ಬಂದರು. ಹೆಣ ಎತ್ತಿದಾಗ ಮೇವಿನಲ್ಲಿ ಕೊರಳಿಗೆ ಕಟ್ಟುವ, ದಾರ ಹರಿದ ಬೆಳ್ಳಿಯ ಕರಡಿಗೆ ಸಿಕ್ಕಿತು, ಒಳಗೆ ಇಷ್ಟಲಿಂಗ. ಅಂದಾನೆಪ್ಪನ ಲಿಂಗ ಅವನ ಕೊರಳಲ್ಲೇ ಇತ್ತು. ಸಾಹೇಬರು ಎಲ್ಲರನ್ನೂ ಬೇವಿನ ಕೆಳಗೆ ಕೂರಿಸಿದರು.

"ಇದು ನಾಸಿರಂದಂತೂ ಅಲ್ಲ. ಹಂಗಾರ ಯಾರ ಕೊರಳು ಬರೀದೈತಿ? ನಾ ಜಂಗಮರ ಓಣ್ಯಾಗ ಬೆಳದಾಂವ. ಲಿಂಗ ಮೈಮ್ಯಾಲ ಇಲ್ಲಂದ್ರ ಹಿರ್ಯಾರು ನೀರೂ ನುಂಗತಿದ್ದಿಲ್ಲ. ದುಃಖದಾಗ ನೀರು ಬ್ಯಾಡಂದ್ರ ಒಪ್ಪಬಹುದು. ಆದ್ರ ವೀರಪ್ಪಗ ನೀರಡಿಕಿ ಆಗಿತ್ತು, ಬಾಯಾಗ ಹಾಕ್ಕೊಂಡು ಉಗುಳತಿದ್ದ. ಪೂಜಿ ಮಾಡಿ ರೊಟ್ಟಿ ತಿಂದಾಂವಗ ನೀರ ಯಾಕ ಇಳೀಲಿಲ್ಲ? ಬೆಳಕ ಹರಿಯೂದ್ರಾಗ ಪಾಳಿ ಜಗಳ ಆಗೇತಿ, ಅಂದಾನೆಪ್ಪ ಇವನ ಎದಿಗೆ ಕೈ ಹಾಕ್ಯಾನ, ದಾರ ಹರದೈತಿ. ಹೊಳ್ಳಿ ಹುಡುಕಾಕ ಬರೂದ್ರಾಗ ನಾಸಿರ ಬಂದಿದ್ದ."

ಆಮೇಲೆ ಭೀಮಶಿಯತ್ತ ತಿರುಗಿದರು. "ನೀ ಇವನ್ನ ಒಳಗ ಬಿಟ್ಟಿದ್ರ, ಲಿಂಗ ಅಳೂ ಮುಂದ ಬಿತ್ತು ಅಂತಿದ್ದ. ನಾಸಿರಗ ಗಲ್ಲಾಗತಿತ್ತು."

ಭೀಮಶಿಗೆ ಎಂಥ ತಪ್ಪು ಮಾಡಲಿದ್ದೆನಪ್ಪಾ ಅನ್ನಿಸಿತು. ಅವನೇ ಹೋಗಿ ವೀರಪ್ಪನ ಅಂಗಿ ಗುಂಡಿ ಬಿಚ್ಚಿದ. ಕೊರಳು ಬರಿದು, ಪಕ್ಕಕ್ಕೆ ದಾರ ಜಗ್ಗಿದ ಕೆಂಪು ಗೀರು.

"ಪಾಳಿ ನಂದಿತ್ರೀ," ಎಂದ ವೀರಪ್ಪ, ಕೂತಲ್ಲೇ ಕುಸಿದು.

ಹೆಣವನ್ನು ಸವದತ್ತಿ ಆಸ್ಪತ್ರೆಗೆ ಸಾಗಿಸಬೇಕಿತ್ತು. ನಾಸಿರ ಜೀಪಿನಿಂದಿಳಿದು ಯಾರ ಮುಖವನ್ನೂ ನೋಡದೆ ನಿಂತಿದ್ದ. ಬಡಿಗೆ ಹಿಡಿದವರು ಒಬ್ಬೊಬ್ಬರಾಗಿ ನೆಲ ನೋಡಿದರು. ಇಂದ್ರವ್ವ ಎದ್ದು ಅವನ ಹತ್ತಿರ ಹೋಗಿ ಕೈ ಮುಗಿದಳು.

"ತಪ್ಪಾತಪಾ ನಾಸಿರ. ನಿಮ್ಮ ಕಾಕಾನ್ನ ನೀನ ಕರಕೊಂಡು ನಡಿ. ಟ್ರ್ಯಾಕ್ಟರ್ ಸಾವಕಾಶ ಹೊಡಿ."

ನಾಸಿರ ಆಗ ಮಾತ್ರ ಬಿಕ್ಕಿಬಿಕ್ಕಿ ಅತ್ತ.