ಕೆಂಪು ಬಾರದ ಪರದೆ

"ತಿಪ್ಪೇಶ್, ಇದೇನ್ರೀ ಸ್ಕ್ರೀನು ಹಿಂಗಾಗಿದೆ?"

ಶ್ರೀಲತಾ ಅವನ ಕುರ್ಚಿಯ ಹಿಂದೆ ನಿಂತಿದ್ದಳು. ಆರು ವಾರದಿಂದ ಕೆಲಸದ ಮಾತು ಬಿಟ್ಟು ಬೇರೇನೂ ಆಡದವಳು.

ಶಿಕಾರಿಪುರದ ಆ ಫ್ಲೆಕ್ಸ್ ಅಂಗಡಿಯಲ್ಲಿ ಅವನು ಡಿಸೈನರ್. ದಿನಾ ಸೊರಬದಿಂದ ಬರುವ ಅವಳು ಕೌಂಟರ್ ನೋಡಿಕೊಳ್ಳುತ್ತಾಳೆ. ಮದುವೆ ಸೀಸನ್. ಇಬ್ಬರೂ ಊಟಕ್ಕೂ ಎದ್ದಿರಲಿಲ್ಲ.

"ಏನಾಗಿದೆ?" ಅಂದ, ಕಣ್ಣುಜ್ಜುತ್ತ.

"ಕೆಂಪೇ ಬರ್ತಿಲ್ಲ. ಮದುಮಗಳ ಮುಖ ಹಸಿರುಗಟ್ಟಿದೆ ನೋಡಿ." ಬಗ್ಗಿ ಮಾನಿಟರಿನ ಕೇಬಲ್ ಒತ್ತಿದಳು. "ಈಗ ಸರಿಯಾಯ್ತು. ಎಷ್ಟೊತ್ತಿಂದ ಹಿಂಗಿತ್ತು?"

ತಿಪ್ಪೇಶನಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಏನೋ ಸುಳ್ಳು ಹೇಳಲು ಬಾಯಿ ತೆರೆದ. ಏಳು ವರ್ಷದಿಂದ ಹೇಳಿಕೊಂಡು ಬಂದದ್ದೇ. ಇವತ್ತು ಸಾಕೆನಿಸಿತು.

"ಗೊತ್ತಿಲ್ಲ. ನಂಗೆ ಕೆಂಪು, ಹಸಿರು ಬೇರೆಬೇರೆ ಕಾಣಲ್ಲ ಕಣ್ರೀ. ಹುಟ್ಟಿದಾಗಿಂದ."

"ಮತ್ತೆ ಡಿಸೈನ್ ಹೆಂಗೆ ಮಾಡ್ತೀರಿ?"

ಅವನು ಚಿತ್ರ ಝೂಮ್ ಮಾಡಿದ. ಮದುಮಗಳ ಕೆನ್ನೆ ಸಣ್ಣ ಸಣ್ಣ ಚೌಕಗಳಾಗಿ ಒಡೆಯಿತು.

"ಇವು ಪಿಕ್ಸೆಲ್. ಪರದೆ ಮೇಲೆ ಒಂದೊಂದಕ್ಕೂ ಮೂರು ಪುಟ್ಟ ದೀಪ. ಕೆಂಪು, ಹಸಿರು, ನೀಲಿ. ಯಾವುದು ಎಷ್ಟು ಉರೀಬೇಕು ಅಂತ ಸೊನ್ನೆಯಿಂದ ಇನ್ನೂರ ಐವತ್ತೈದರ ತನಕ ನಂಬರ್. ಮೂರೂ ಪೂರ್ತಿ ಉರಿದ್ರೆ ಬಿಳಿ, ಮೂರೂ ಆರಿದ್ರೆ ಕಪ್ಪು. ನಾನು ಬಣ್ಣ ನೋಡಲ್ಲ, ನಂಬರ್ ಓದ್ತೀನಿ. ಓನರ್‌ಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಹೇಳಿರ್ಲಿಲ್ಲ."

ಶ್ರೀಲತಾ ಸ್ಟೂಲು ಎಳೆದುಕೊಂಡು ಕೂತಳು.

ಆರು ವಾರದ ಹಿಂದೆ ಅವನು ವಾಟ್ಸ್ಆ್ಯಪ್‌ನಲ್ಲಿ ಕೇಳಿದ್ದ: ನನ್ನ ಮದುವೆ ಆಗ್ತೀರಾ? ಅವಳು ತುಂಟತನಕ್ಕೆ ಬರೆದಿದ್ದಳು: ಸೋಮವಾರ ಕೆಂಪು ಸೀರೆ ಉಟ್ಟು ಬಂದ್ರೆ ಹೂಂ, ಹಸಿರಾದ್ರೆ ಇಲ್ಲ. ಸೋಮವಾರ ಕೆಂಪು ಸೀರೆಯಲ್ಲೇ ಬಂದಳು. ಅವನು ಒಮ್ಮೆ ನೋಡಿ ತಲೆ ತಗ್ಗಿಸಿದ. ಮನಸ್ಸು ಬದಲಾಗಿದೆಯೆಂದುಕೊಂಡು ಅವಳು ಆ ಮಾತೇ ಎತ್ತಲಿಲ್ಲ.

"ಆವತ್ತೇ ಕೇಳಬಾರದಿತ್ತಾ?"

"ಏನಂತ ಕೇಳ್ಲಿ? ಸೀರೆಗೆ ನಂಬರ್ ಇರಲ್ವಲ್ಲ. ಆಮೇಲೆ ನೀವು ಮಾತು ಬಿಟ್ರಿ. ಹಸಿರೇ ಇರ್ಬೇಕು ಅಂದ್ಕೊಂಡೆ."

ಅವಳಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೆಂಪಿತ್ತು ಕಣ್ರೀ. ಇನ್ನು ನಂಗೆ ಈ ಆಟ ಸಾಕು. ಏಳಿ, ಓನರ್ ಉಜ್ಜಪ್ಪನವರಿಗೆ ನಿಜ ಹೇಳೋಣ."

"ಕೆಲಸ ಹೋದ್ರೆ?"

"ಇಬ್ರೂ ಬೇರೆ ಕಡೆ ಹುಡುಕೋಣ."

ಉಜ್ಜಪ್ಪ ಎಲ್ಲ ಕೇಳಿ, ಗೋಡೆಗೆ ಒರಗಿಸಿದ್ದ ಬೋರ್ಡುಗಳನ್ನು ಒಂದೊಂದಾಗಿ ನೋಡಿದರು. "ಏಳು ವರ್ಷದಾಗ ಒಂದು ಬೋರ್ಡೂ ಬಣ್ಣ ತಪ್ಪಿಲ್ಲಲ್ಲೋ," ಅಂದರು ಕೊನೆಗೆ. "ಪ್ರಿಂಟಿಗೆ ಹಾಕೋ ಮುಂಚೆ ಈಕೆಗೆ ಒಮ್ಮೆ ತೋರಿಸು, ಸಾಕು."

ಅಂದು ಸಂಜೆ ತಿಪ್ಪೇಶ ಅವಳ ಮನೆಯವರನ್ನು ಕೇಳಲೆಂದು ಅವಳ ಜೊತೆಗೇ ಸೊರಬದ ಬಸ್ಸು ಹತ್ತಿದ. ತನ್ನ ಅಪ್ಪನಿಗೆ ಏನು ಹೇಳಬೇಕು, ಹೇಗೆ ಕೂರಬೇಕು ಎಂದು ಅವಳು ದಾರಿಯುದ್ದಕ್ಕೂ ಮೆಲ್ಲಗೆ ಹೇಳಿಕೊಡುತ್ತಿದ್ದಳು. ತಿರುಗಿ ನೋಡಿದರೆ ಅವನು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದ.

ಅವಳು ಮಾತು ನಿಲ್ಲಿಸಿ, ಅಲುಗಾಡದೆ ಕೂತಳು.