ಕೊಳವೆಯಲ್ಲಿದ್ದ ನೀರು ಯಾರದು?

ಬೆಳಿಗ್ಗೆ ಹತ್ತರ ಹೊತ್ತಿಗೆ ಠಾಣೆಗೆ ಬಂದ ಆಟೋ ಚಾಲಕ ಕೂರಲೂ ಒಪ್ಪದೆ ದೂರು ಹೇಳಿದ. ಬಸ್ ಕಂಡಕ್ಟರಾಗಿದ್ದ ಅವನ ತಂಗಿ ಜ್ವರ, ತಲೆನೋವೆಂದು ಆಸ್ಪತ್ರೆ ಸೇರಿದ್ದಳು. ಜೀವ ಉಳಿಯಿತು, ಎರಡೂ ಕಿವಿ ಹೋದವು.

"ಶುರು ಮಾಡಿದ ಔಷಧಿನ ಮಾರನೇ ದಿನ ನಿಲ್ಲಿಸಿಬಿಟ್ರು ಸಾರ್. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕೊಟ್ರು. ಇದೇನ್ ಆಟಾನಾ?"

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಎಲ್ಲರೂ 'ಮೀಸೆ' ಎನ್ನುವ ಹೆಡ್ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೋದರು.

ವೈದ್ಯೆ ಎರಡು ವರದಿಗಳನ್ನು ಮುಂದಿಟ್ಟರು. "ಬೆನ್ನಿಗೆ ಸೂಜಿ ಹಾಕಿ ತೆಗೆದ ನೀರಲ್ಲಿ ಲ್ಯಾಕ್ಟೇಟ್ ಅನ್ನೋ ಅಂಶ ನೋಡ್ತೀವಿ. ಮೆದುಳಿನ ಪೊರೆಗೆ ಬ್ಯಾಕ್ಟೀರಿಯಾ ಹೊಕ್ಕಿದ್ರೆ ಏರುತ್ತೆ. ವೈರಸ್ ಆದ್ರೆ ಸಾಮಾನ್ಯವಾಗಿ ಏರಲ್ಲ. ಮೊದಲ ವರದೀಲಿ ಏರಿರ್ಲಿಲ್ಲ. ವೈರಸ್ ಅಂದ್ಕೊಂಡು ಬ್ಯಾಕ್ಟೀರಿಯಾಕ್ಕೆ ಕೊಡ್ತಿದ್ದ ಔಷಧಿ ನಿಲ್ಲಿಸಿದೆ. ಎರಡನೇ ಸಲ ನೋಡಿದ್ರೆ ಮೂರು ಪಟ್ಟು. ಮತ್ತೆ ಶುರು ಮಾಡೋ ಹೊತ್ತಿಗೆ ಸೋಂಕು ಕಿವಿಗೆ ಹೋಗಿತ್ತು."

"ಎರಡೇ ದಿನದಲ್ಲಿ ಅಷ್ಟು ಬದಲಾಗುತ್ತಾ?"

"ಆಗಬಾರದು ಅಂತಿಲ್ಲ. ಆದ್ರೆ ಮೊದಲ ದಿನವೇ ಅವಳ ಕತ್ತು ಮರದ ಹಾಗೆ ಬಿಗಿದಿತ್ತು, ರೋಗ ಅಷ್ಟು ಜೋರಿದ್ರೆ ಆಗಲೇ ಏರಿರಬೇಕಿತ್ತು. ನನಗೂ ತಲೆಬುಡ ತಿಳೀತಿಲ್ಲ."

ಇನ್ಸ್‌ಪೆಕ್ಟರಿಗಂತೂ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಯಿತು. ವೈದ್ಯೆ ತಪ್ಪು ಮುಚ್ಚಿಡುತ್ತಿದ್ದಾರೆಯೇ? ಯಂತ್ರ ಕೆಟ್ಟಿತ್ತೇ? ಪರೀಕ್ಷೆ ಮಾಡಿಸಿದರೆ ಯಂತ್ರ ಸರಿಯಾಗಿಯೇ ಇತ್ತು. ಲ್ಯಾಬಿನ ಫ್ರೀಜರಿನಲ್ಲಿ ಮೊದಲ ದಿನದ ನೀರು ಚೂರು ಉಳಿದಿತ್ತು. ಪಂಚನಾಮೆ ಮಾಡಿ, ಮೊಹರು ಹಾಕಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು.

ಕೆಲವು ವಾರಗಳ ಮೇಲೆ ಬಂದ ಉತ್ತರದಿಂದ ಗೊಂದಲ ಇನ್ನೂ ಹೆಚ್ಚಿತು. ಕೊಳವೆಯ ಮೇಲಿನ ಹೆಸರು ತಂಗಿಯದು, ಒಳಗಿನ ನೀರು ಗಂಡಸಿನದು.

"ದೂರು ಕೊಟ್ಟ ಅಣ್ಣಂದೇ ಇರಬಹುದಾ ಸಾರ್?" ಎಂದ ಮೀಸೆ.

"ಅವನ ಬೆನ್ನಿಗೆ ಯಾರ್ರೀ ಸೂಜಿ ಹಾಕಿದ್ರು?"

ಅಂದು ಬೆನ್ನಿನ ನೀರು ಕೊಟ್ಟ ಗಂಡಸು ವಾರ್ಡಿನಲ್ಲಿ ಒಬ್ಬನೇ, ಒಬ್ಬ ನಿವೃತ್ತ ಮೇಷ್ಟರು. ಅವರ ಒಪ್ಪಿಗೆ ಪಡೆದು ರಕ್ತ ಪರೀಕ್ಷಿಸಿದಾಗ ಡಿಎನ್‌ಎ ತಾಳೆಯಾಯಿತು. ಎರಡೂ ಕೊಳವೆಗಳನ್ನು ಲ್ಯಾಬಿಗೆ ಒಯ್ದವಳು ಒಬ್ಬಳೇ ಟೆಕ್ನಿಷಿಯನ್.

"ಕೊಳವೆ ಅದಲುಬದಲಾಯ್ತಾ?"

"ಇಲ್ಲ ಸಾರ್."

"ಮತ್ತೆ?"

"ಆಯಮ್ಮನ ಕೊಳವೆ ಕೈಜಾರಿ ಬಿತ್ತು. ಒಂದು ಹನಿ ಉಳೀಲಿಲ್ಲ. ಮೇಷ್ಟ್ರದ್ದು ಮಿಕ್ಕಿತ್ತು, ಅದನ್ನೇ ಅವರ ಹೆಸರಿನ ಕೊಳವೆಗೆ ತುಂಬಿಸಿದೆ."

"ಇನ್ನೊಂದ್ಸಲ ತೆಗೀರಿ ಅಂತ ಹೇಳಬಹುದಿತ್ತಲ್ಲ?"

"ಸೂಜಿ ಹಾಕುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಆಯಮ್ಮ ಕಿರುಚಿದ್ದು ಇನ್ನೂ ಕಿವೀಲಿತ್ತು. ಅವರನ್ನ ಮತ್ತೆ ಚುಚ್ಚಿ ಅನ್ನೋಕೆ ಬಾಯಿ ಬರ್ಲಿಲ್ಲ. ಬೈಸ್ಕೊಳ್ಳೋ ಭಯಾನೂ ಇತ್ತು. ವೈರಸ್ ಜ್ವರವೇ ಜಾಸ್ತಿ ಇತ್ತಲ್ಲ, ಇದೂ ಅದೇ ಇರುತ್ತೆ ಅಂದ್ಕೊಂಡೆ."

ಅಂದು ಮಧ್ಯಾಹ್ನ ಬಂಧನದ ಕಾಗದಗಳಿಗೆ ಸಹಿ ಹಾಕುವಾಗಲೂ ಅದು ಕರುಣೆಯೋ ಭಯವೋ ಎಂದು ಇನ್ಸ್‌ಪೆಕ್ಟರಿಗೆ ಬಗೆಹರಿಯಲಿಲ್ಲ. ಬಹುಶಃ ಅವಳಿಗೂ ಇಲ್ಲ.

ಸಂಜೆ ಅವರು ಆಟೋ ಚಾಲಕನ ಮನೆಗೆ ಹೋಗಿ ನಡೆದದ್ದನ್ನು ಹೇಳಿದರು. ಅಣ್ಣ ಒಂದು ಚೀಟಿಯಲ್ಲಿ ಅಷ್ಟನ್ನೂ ಬರೆದು ತಂಗಿಯ ಕೈಗಿತ್ತ. ಅವಳು ಎರಡು ಸಲ ಓದಿದಳು. ತನ್ನ ದನಿ ತನಗೇ ಕೇಳಿಸದ್ದರಿಂದ, ತುಂಬಿದ ಬಸ್ಸಿನಲ್ಲಿ ಕೂಗುವಂತೆ ಗಟ್ಟಿಯಾಗಿ ಹೇಳಿದಳು:

"ಕೇಳಿದ್ರೆ ಇನ್ನೊಂದ್ಸಲ ಚುಚ್ಚಿಸ್ಕೊತಿದ್ದೆ ಸಾರ್. ಕಿರುಚ್ತಿದ್ದೆ, ಅಷ್ಟೇ."