ನಲವತ್ತೇಳನೇ ನಂಬರಿನ ಸಾವು

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವಷ್ಟರಲ್ಲಿ ರೈಟರ್ ಕಾನ್‌ಸ್ಟೇಬಲ್‌ಗೆ ಸಾಕುಸಾಕಾಯಿತು. ದೂರು ತಂದವರು ಕ್ಯಾನ್ಸರ್ ಸಂಶೋಧನಾ ಕೇಂದ್ರದ ನಿರ್ದೇಶಕರು. ಕೋಟು ಹಾಕಿದ್ದರು, ಶೂ ಲೇಸು ಕಟ್ಟಿರಲಿಲ್ಲ.

“ಏನು ಕಳುವಾಗಿದೆ ಸಾರ್?”

“ಕಳುವಾಗಿಲ್ಲ. ಸಾಯಿಸಿದ್ದಾರೆ.”

“ಯಾರನ್ನ?”

“ಜೀವಕೋಶಗಳನ್ನ. ಒಬ್ಬ ರೋಗಿಯ ಗಡ್ಡೆಯಿಂದ ತೆಗೆದು ನಾವು ಬೆಳೆಸಿದ್ದು.”

“ಅಂದ್ರೆ ಕ್ಯಾನ್ಸರನ್ನೇ ಸಾಯಿಸಿದ್ದಾರೆ ಅನ್ನಿ. ಅಂಥೋರಿಗೆ ಕೋಳ ಹಾಕೋದಾ, ಹಾರ ಹಾಕೋದಾ?”

ನಿರ್ದೇಶಕರು ನಗಲಿಲ್ಲ. ಒಳಗಿನಿಂದ ಇನ್‌ಸ್ಪೆಕ್ಟರ್ ಕೆಮ್ಮಿದರು. ಅವರ ಮಾತಿಗಿಂತ ಕೆಮ್ಮಿಗೇ ಠಾಣೆಯಲ್ಲಿ ಹೆಚ್ಚು ಬೆಲೆ. ಕಾನ್‌ಸ್ಟೇಬಲ್ ಬಾಯಿ ಮುಚ್ಚಿಕೊಂಡು ಬರೆದ.

ವಿಷಯ ಇಷ್ಟು. ಆಸ್ಪತ್ರೆ ಊರಿನ ಒಂದು ತುದಿಯಲ್ಲಿ, ಸಂಶೋಧನಾ ಕೇಂದ್ರ ಇನ್ನೊಂದು ತುದಿಯಲ್ಲಿ. ಎರಡಕ್ಕೂ ಒಪ್ಪಂದ: ಆಸ್ಪತ್ರೆ ಕತ್ತರಿಸಿ ತೆಗೆದ ಗಡ್ಡೆಯನ್ನು ಕೇಂದ್ರ ಬೆಳೆಸಬೇಕು, ಅದರ ಮೇಲೆ ಔಷಧಿಗಳನ್ನು ಹಾಕಿ ಯಾವುದಕ್ಕೆ ಸಾಯುತ್ತದೆ ಎಂದು ನೋಡಿ ತಿಳಿಸಬೇಕು. ಈಗ ಸತ್ತ ನಲವತ್ತೇಳನೇ ನಂಬರಿನದು ಮೂಳೆಯ ಅಪರೂಪದ ಕ್ಯಾನ್ಸರ್. ರೋಗಿ ತೀರಿಕೊಂಡಿದ್ದ. ಅದೇ ಕಾಯಿಲೆಯ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಈಗ ಆಸ್ಪತ್ರೆಯಲ್ಲಿದ್ದಳು. ಅವಳ ಗಡ್ಡೆಯ ಚೂರು ಬೆಳೆದಿರಲಿಲ್ಲ. ನಲವತ್ತೇಳು ಬೆಳೆದಿತ್ತು. ಅವಳಿಗೆ ಯಾವ ಔಷಧಿ ಎಂಬುದು ಗುರುವಾರ ಆ ಬಾಟಲಿಗಳಿಂದ ತಿಳಿಯಬೇಕಿತ್ತು.

ಎಫ್‌ಐಆರ್ ಆಸ್ತಿ ಹಾನಿಯೆಂದು ದಾಖಲಾಯಿತು. ಅದಕ್ಕಿಂತ ಹತ್ತಿರದ ಕಲಮು ಸಿಗಲಿಲ್ಲ.

ಹನ್ನೊಂದಕ್ಕೆ ಪಂಚನಾಮೆ ಶುರುವಾಯಿತು. ಉದ್ದನೆಯ ಬಿಳಿ ಕೋಣೆ. ಗೋಡೆಗೆ ತಾಗಿ ಬೀರುವಿನಷ್ಟು ದೊಡ್ಡ ಬೆಚ್ಚಗಿನ ಕಪಾಟು, ಒಳಗೆ ಮೈ ಬಿಸಿಯಷ್ಟೇ ಬಿಸಿ. ಚಪ್ಪಟೆ ಬಾಟಲಿಗಳ ಸಾಲುಗಳಲ್ಲಿ ಗುಲಾಬಿ ಬಣ್ಣದ ನೀರು. ನಡುವಿನ ಸಾಲಿನ ಬಾಟಲಿಗಳಲ್ಲಿ ಮಾತ್ರ ಬಣ್ಣ ಹೋಗಿತ್ತು. ಇನ್‌ಸ್ಪೆಕ್ಟರ್ ಒಂದರ ಮುಚ್ಚಳ ತೆಗೆಸಿ ಮೂಸಿದರು.

“ಬ್ಲೀಚಿಂಗ್ ನೀರು.”

“ಹೌದು. ಇಲ್ಲೇ ಸಿಂಕಿನ ಕೆಳಗಿರುತ್ತೆ” ಎಂದರು ನಿರ್ದೇಶಕರು.

“ಬೇರೆ ಯಾವ ಸಾಲನ್ನೂ ಮುಟ್ಟಿಲ್ಲ. ನಲವತ್ತೇಳು ಯಾರದು?”

“ನಮಗೆ ಗೊತ್ತಿಲ್ಲ. ನಂಬರ್ ಅಷ್ಟೇ ಬರೋದು. ಹೆಸರು ಆಸ್ಪತ್ರೆಯವರ ಹತ್ತಿರ ಇರುತ್ತೆ.” ಆಮೇಲೆ ಸೇರಿಸಿದರು, “ಅವರಿಗೂ ನಮಗೂ ಈಗ ಅಷ್ಟಕ್ಕಷ್ಟೆ.”

ಇನ್‌ಸ್ಪೆಕ್ಟರ್ ಆ ಎಳೆ ಹಿಡಿದು ಆಸ್ಪತ್ರೆಗೆ ಹೋದರು. ಅಲ್ಲಿನ ಹಿರಿಯ ವೈದ್ಯೆ ನಿಂತುಕೊಂಡೇ ಮಾತಾಡಿದರು.

“ಕೇಂದ್ರದವರ ಮೇಲೆ ನಿಮಗೆ ಕೋಪ ಇದೆಯಂತೆ.”

“ಇದೆ. ಆದರೆ ಆ ಉತ್ತರಕ್ಕೆ ಕಾಯ್ತಿದ್ದದ್ದು ನನ್ನ ವಾರ್ಡಿನ ಹುಡುಗಿ. ನನ್ನ ಕಾಲಿಗೆ ನಾನೇ ಕೊಡಲಿ ಹಾಕ್ಕೋತೀನಾ?”

“ಆ ಕೋಶಗಳ ಇನ್ನೊಂದು ಪಾಲು ಎಲ್ಲಾದರೂ ಇದೆಯಾ?”

ವೈದ್ಯೆ ಕಿಟಕಿಯ ಕಡೆ ನೋಡಿದರು. “ಹೆಪ್ಪುಗಟ್ಟಿಸಿ ಒಂದು ಪಾಲು ನಮ್ಮಲ್ಲಿ ಇಡಬೇಕು ಅಂತ ಮಾತಾಗಿತ್ತು. ಕರಾರಿಗೆ ಸಹಿ ಬಿದ್ದಿರ್ಲಿಲ್ಲ.”

“ಯಾಕೆ?”

“ಸಂಶೋಧನಾ ಪ್ರಬಂಧದಲ್ಲಿ ಯಾವ ಸಂಸ್ಥೆ ಹೆಸರು ಮೊದಲು ಬರಬೇಕು ಅಂತ ತೀರ್ಮಾನ ಆಗಿರ್ಲಿಲ್ಲ.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಮಾಡಿದವರು ಇಂಥ ಆಸ್ಪತ್ರೆಯನ್ನು ಕಂಡಿರಲಾರರು. ಕೂಸು ಅಲ್ಲೇ ಗಾಜಿನಾಚೆ ಮಲಗಿತ್ತು. ತಲೆಯಲ್ಲಿ ಒಂದೂ ಕೂದಲಿಲ್ಲ, ಹುಬ್ಬೂ ಇಲ್ಲ. ಕಾನ್‌ಸ್ಟೇಬಲ್‌ನನ್ನು ಕಂಡು ಕೈ ಎತ್ತಿ ಸೆಲ್ಯೂಟ್ ಹೊಡೆಯಿತು. ಹಾರದ ಮಾತಾಡಿದ್ದ ಅವನು ಸೆಟೆದು ನಿಂತು ಸೆಲ್ಯೂಟ್ ಹೊಡೆದ. ಆಮೇಲೆ ಸಂಜೆಯವರೆಗೆ ಅವನು ಒಂದೂ ತಮಾಷೆ ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಮತ್ತೆ ಕೇಂದ್ರದಲ್ಲಿ ವಿಚಾರಣೆ. ಸೋಮವಾರ ಸಂಜೆ ಐದೂವರೆಯಿಂದ ಎಲ್ಲರೂ ಮಹಡಿಯ ಮೀಟಿಂಗಿನಲ್ಲಿದ್ದರು. ಓಣಿಯ ಕ್ಯಾಮೆರಾದಲ್ಲಿ ಹೊರಗಿನವರು ಯಾರೂ ಇಲ್ಲವೆಂದು ಕಾವಲುಗಾರ ಹೇಳಿದ್ದ. ಬಾಟಲಿಗಳನ್ನು ನೋಡಿಕೊಳ್ಳುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು.

“ನಲವತ್ತೇಳರ ಬಗ್ಗೆ ಯಾರಾದ್ರೂ ವಿಚಾರಿಸಿದ್ರಾ?”

“ಯಾರೂ ಇಲ್ಲ ಸಾರ್. ಪೆಟ್ಟಿಗೆಯಮ್ಮ ಒಬ್ಬರು ಕೇಳಿದ್ರು, ಅಷ್ಟೆ.”

“ಯಾರದು?”

“ಆಸ್ಪತ್ರೆ ಅಟೆಂಡರ್. ಮಂಜುಗಡ್ಡೆ ಪೆಟ್ಟಿಗೇಲಿ ಗಡ್ಡೆಯ ಚೂರು ತಂದುಕೊಡೋರು. ಹೋದ ವಾರ, ‘ನಾನು ತಂದಿದ್ದೆನಲ್ಲ ನಲವತ್ತೇಳು, ಅದೇನಾಯ್ತು ಮಗಳೇ’ ಅಂದ್ರು. ನನಗೆ ಖುಷಿಯಾಯ್ತು. ಒಳಗೆ ಕರ್ಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ದಿನ ಬಿಟ್ಟು ದಿನ ಊಟ ಬದಲಾಯಿಸ್ತೀವಿ, ತುಂಬ ಚೆನ್ನಾಗಿ ಬೆಳೀತಿದೆ ಅಮ್ಮ ಅಂದೆ.”

“ಅವರೇನಂದ್ರು?”

“ಬೇಡವಾದಾಗ ಏನು ಮಾಡ್ತೀರಿ ಅಂದ್ರು. ಬ್ಲೀಚಿಂಗ್ ನೀರು ಹಾಕ್ತೀವಿ ಅಂದೆ.” ಅಷ್ಟು ಹೇಳಿ ಅವಳೇ ಬಾಯಿಗೆ ಕೈ ಇಟ್ಟುಕೊಂಡಳು.

ಕಾವಲುಗಾರನನ್ನು ಕರೆಸಿ ಮತ್ತೆ ಕೇಳಿದರು. ಸೋಮವಾರ ಪೆಟ್ಟಿಗೆಯಮ್ಮ ಬಂದಿದ್ದರೇ? “ಬಂದಿದ್ರು ಸಾರ್. ಅವರು ಬರೋದು ಹೋಗೋದು ದಿನಾ ಇದ್ದದ್ದೇ. ಹೊರಗಿನವರು ಯಾರು ಅಂತ ತಾನೇ ನೀವು ಕೇಳಿದ್ದು?”

ಇನ್‌ಸ್ಪೆಕ್ಟರ್ ವೈದ್ಯೆಗೆ ಫೋನ್ ಮಾಡಿ ನಲವತ್ತೇಳು ಯಾರೆಂದು ಕೇಳಿದರು. “ನಮ್ಮ ಅಟೆಂಡರಮ್ಮನ ಮಗ. ಹತ್ತೊಂಬತ್ತು ವರ್ಷ. ಆಪರೇಷನ್ ದಿನ ಪೆಟ್ಟಿಗೆ ಒಯ್ಯೋಕೆ ಬೇರೆ ಯಾರೂ ಇರ್ಲಿಲ್ಲ. ಅವರ ಕೈಲೇ ಕಳಿಸಿದ್ವಿ.”

ಹೆತ್ತವಳ ಕೈಗೇ ಕೊಟ್ಟು ಕಳಿಸಿದ್ದರು! ಕಲಿತವರು ಸೇರಿ ಇಷ್ಟೊಂದು ಜೋಪಾನ ಮಾಡಿ ಹೆಸರು ಮುಚ್ಚಿಟ್ಟಿದ್ದು ಯಾರಿಂದ?

ಹನ್ನೆರಡೂವರೆಗೆ ಅವಳು ಆಸ್ಪತ್ರೆಯ ಹಿಂದಿನ ಗೇಟಿನ ಬೆಂಚಿನ ಮೇಲೆ ವ್ಯಾನಿಗೆ ಕಾಯುತ್ತಿದ್ದಳು. ನೀಲಿ ಸಮವಸ್ತ್ರ, ತೊಡೆಯ ಮೇಲೆ ಬಿಳಿ ಪೆಟ್ಟಿಗೆ. ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿ ಕೂತಳು. ಇನ್‌ಸ್ಪೆಕ್ಟರ್ ಎದುರಿಗೆ ನಿಂತರು.

“ಅಮ್ಮಾ, ಸೋಮವಾರ ಸಂಜೆ ಆ ಕಪಾಟು ತೆಗೆದ್ರಾ?”

“ತೆಗೆದೆ.”

“ಏನು ಹಾಕಿದ್ರಿ?”

“ಬ್ಲೀಚಿಂಗ್ ನೀರು. ಬಣ್ಣ ಹೋಗೋವರೆಗೂ ನೋಡ್ಕೊಂಡು ನಿಂತಿದ್ದೆ.”

“ಯಾಕೆ?”

“ನನ್ನ ಮಗನ್ನ ತಿಂದಿದ್ದು ಅದು ಸಾರ್. ಡಾಕ್ಟರು ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದ್ರು. ಮನೆಗೆ ಅಂದ್ರೇನು ಅಂತ ಆಸ್ಪತ್ರೇಲಿ ಕೆಲಸ ಮಾಡೋಳಿಗೆ ಹೇಳಿಕೊಡಬೇಕಾ? ಕೊನೇಲಿ ಒಂದು ಚಮಚ ನೀರೂ ಇಳೀತಿರ್ಲಿಲ್ಲ ಅವನಿಗೆ. ಅದು ನೋಡಿದ್ರೆ ಅಲ್ಲಿ ಬೆಚ್ಚಗೆ ಮಲಗಿದೆ, ಹೊತ್ತಿಗೆ ಸರಿಯಾಗಿ ಊಟ. ಚೆನ್ನಾಗಿ ಬೆಳೀತಿದೆ ಅಂತ ಆ ಹುಡುಗಿ ನಗ್ತಾ ಹೇಳಿದ್ಲು. ಹಾವಿಗೆ ಹಾಲೆರೀತಿದ್ದಾರೆ ಅನ್ನಿಸ್ತು. ಹೊಟ್ಟೆ ಉರೀತು ಸಾರ್.”

“ಈ ಪೆಟ್ಟಿಗೇಲಿ ಯಾರದಿದೆ ಗೊತ್ತಾ?”

“ನಂಬರ್ ಇರುತ್ತೆ. ಯಾರದು ಅಂತ ನಮಗೆ ಹೇಳಲ್ಲ.”

ಇನ್‌ಸ್ಪೆಕ್ಟರ್ ಸುಮ್ಮನಿರಬಹುದಿತ್ತು. ತನಿಖೆಗೆ ಅದು ಬೇಕಾಗಿರಲಿಲ್ಲ. ಆದರೂ ಹೇಳಿದರು.

“ಹನ್ನೆರಡು ವರ್ಷದ ಹುಡುಗೀದು. ನಿಮ್ಮ ಮಗನದೇ ಕಾಯಿಲೆ. ಅವಳಿಗೆ ಔಷಧಿ ಯಾವುದು ಅಂತ ನೀವು ಸಾಯಿಸಿದ ಆ ಬಾಟಲಿಗಳಿಂದ ನಾಳೆ ಗೊತ್ತಾಗಬೇಕಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಅವಳಿಗೇ ಮತ್ತೆ ಕತ್ತರಿ ಹಾಕಿ ಈ ಚೂರು ತೆಗೆದಿದ್ದಾರಂತೆ.”

ಅವಳ ಎರಡೂ ಕೈ ಪೆಟ್ಟಿಗೆಯ ಮುಚ್ಚಳದ ಮೇಲೆ ಬಂದವು.

“ಇದು ಬೆಳೆಯುತ್ತಾ ಸಾರ್?”

“ಹೋದ ಸಲ ಬೆಳೀಲಿಲ್ಲವಂತೆ.”

“ನಾನೇ ಕೊಟ್ಟು ಬರ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ.”

ಕಾಯಿದೆ ಅದಕ್ಕೆ ಒಪ್ಪುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಪೆಟ್ಟಿಗೆ ತೆಗೆದು ಮಹಿಳಾ ಕಾನ್‌ಸ್ಟೇಬಲ್ ಕೈಗೆ ಕೊಟ್ಟರು. “ಹಾಗಲ್ಲ ಮಗಳೇ” ಎಂದಳು ಅಟೆಂಡರಮ್ಮ. “ತೊಡೆ ಮೇಲೆ ಇಟ್ಕೋ. ರಸ್ತೇಲಿ ಗುಂಡಿ ಬಂದಾಗ ಎರಡೂ ಕೈಯಲ್ಲಿ ಎತ್ತಿ ಹಿಡಿ. ಅಲ್ಲಾಡಬಾರದು.” ದಸ್ತಗಿರಿಯ ವೇಳೆ ಹನ್ನೆರಡು ಐವತ್ತು ಎಂದು ದಾಖಲಾಯಿತು. ಜೀಪು ಮೊದಲು ಸಂಶೋಧನಾ ಕೇಂದ್ರಕ್ಕೆ ಹೋಗಿ, ಆಮೇಲೆ ಠಾಣೆಗೆ ಬಂತು.

ದೋಷಾರೋಪ ಪಟ್ಟಿಯಲ್ಲಿ ಇನ್‌ಸ್ಪೆಕ್ಟರ್ ಕೃತ್ಯದ ಕಾರಣವನ್ನು “ಮಗನ ಸಾವಿನ ಸೇಡು” ಎಂದು ಬರೆದರು. ಎರಡನೇ ಪಾಲು ಇಡದಿದ್ದುದನ್ನೂ ಬರೆಯಲು ನೋಡಿದರು. ಅದಕ್ಕೆ ಯಾವ ಕಲಮೂ ಇರಲಿಲ್ಲ. ಅಷ್ಟರಲ್ಲಿ ಕರಾರಿಗೆ ಸಹಿ ಬಿದ್ದಿತ್ತು. ಸಂಸ್ಥೆಗಳ ಹೆಸರು ಅಕಾರಾದಿಯಾಗಿ ಹಾಕುವುದೆಂದು ಎರಡೂ ಕಡೆಯವರು ಕೈಕುಲುಕಿದ್ದರು.

ಮುಂದಿನ ತಿಂಗಳು ನ್ಯಾಯಾಲಯದ ಓಣಿಯಲ್ಲಿ ಅಟೆಂಡರಮ್ಮ ಜೈಲಿನ ಸಿಬ್ಬಂದಿಯ ಜೊತೆ ಬೆಂಚಿನ ಮೇಲೆ ಕೂತಿದ್ದಳು. ಇನ್‌ಸ್ಪೆಕ್ಟರ್ ಕಂಡದ್ದೇ ಎದ್ದು ನಿಂತಳು. ಜಾಮೀನಿನ ಮಾತು ಎತ್ತಲಿಲ್ಲ.

“ಸಾರ್, ಬೆಳೀತಾ?”

ಅವರು ಬೆಳಿಗ್ಗೆಯಷ್ಟೇ ವಿದ್ಯಾರ್ಥಿನಿಗೆ ಫೋನ್ ಮಾಡಿ ಕೇಳಿದ್ದರು. “ಇಲ್ಲಮ್ಮ.”

“ಮಗು?”

ಇನ್‌ಸ್ಪೆಕ್ಟರ್ ಕೆಮ್ಮಿದರು. “ಮನೆಗೆ ಕಳಿಸಿದ್ದಾರೆ.”

ಜೊತೆಗಿದ್ದ ಜೈಲು ಸಿಬ್ಬಂದಿಯ ಹೆಂಗಸು, “ಅಯ್ಯೋ, ವಾಸಿಯಾಯ್ತಾ? ಒಳ್ಳೇದಾಯ್ತು ಬಿಡಿ” ಎಂದಳು. ಅಟೆಂಡರಮ್ಮ ಮತ್ತೆ ಬೆಂಚಿನ ಮೇಲೆ ಕೂತು, ಪೆಟ್ಟಿಗೆಯಿಲ್ಲದ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು.